ಪೀಠಿಕೆ ಇಲ್ಲದ ಸುದ್ದಿ

ನೀಲಪ್ಪ ಬರೆದ ಪ್ರಬಂಧ ಓದಿ ಪಂಢರೀನಾಥ ಮಾಸ್ತರರು ತುಂಬಿದ ಕ್ಲಾಸಿನಲ್ಲಿ ಅತ್ತುಬಿಟ್ಟರು. ಅತ್ತದ್ದೇ ತಪ್ಪಾಯಿತು. ಬೈದಿದ್ದರೆ ಅವನು ವಸತಿಗೃಹಕ್ಕೆ ಹೋಗಿ ರೊಟ್ಟಿ ತಿಂದು ತನ್ನ ಪಾಡಿಗೆ ತಾನಿರುತ್ತಿದ್ದ. ಅವರು ಕನ್ನಡಕ ತೆಗೆದರು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು, "ಇದನ್ನ ನಮ್ಮ ಕಾಲೇಜ ಪತ್ರಿಕಾದಾಗ ಹಾಕಸ್ತೀನಿ. ಎಲ್ಲಾರಕಿಂತ ಮೊದಲ ಇದು" ಅಂದರು. ಅವತ್ತಿನಿಂದ ನೀಲಪ್ಪನಿಗೆ ಕೂತಲ್ಲಿ ಕೂರಲಿಕ್ಕಾಗಲಿಲ್ಲ, ನಿಂತಲ್ಲಿ ನಿಲ್ಲಲಿಕ್ಕಾಗಲಿಲ್ಲ. ಘಟಪ್ರಭೆಯ ದಂಡೆಗೆ ಹೋಗುವನು, ಬರುವನು. ಸ್ಟೇಶನ್ನಿನ ತನಕ ಹೋಗುವನು, ಬರುವನು. ಉಗುರು ಕಚ್ಚಿ ಕಚ್ಚಿ ಬೆರಳಿನ ತುದಿಯಲ್ಲಿ ರಕ್ತ ಬರಿಸಿಕೊಂಡ.

ಐವತ್ತೆಂಟನೆಯ ಇಸವಿಯ ಫೆಬ್ರುವರಿ ಅದು. ಬಾಗಲಕೋಟೆಯ ಆ ಕಾಲೇಜಿನಲ್ಲಿ ಇಂಟರ್ ಎರಡನೇ ವರ್ಷದವರಿಗೆ ಶನಿವಾರಕ್ಕೊಮ್ಮೆ ಪ್ರಬಂಧದ ತರಗತಿ. ವಾರಕ್ಕೊಂದು ವಿಷಯ, ವಾರಕ್ಕೊಂದು ಬರಹ. ಪಂಢರೀನಾಥರು ಕರಿ ಕೋಟಿನ ಕಿಸೆಯಲ್ಲಿ ಕೆಂಪು ಮಸಿಯ ಪೆನ್ನು ಇಟ್ಟುಕೊಂಡು ಬರುವರು. ಒಬ್ಬೊಬ್ಬರ ಹಾಳೆಯನ್ನೂ ಸಾಲು ಸಾಲಾಗಿ ಓದುವರು. ಮನುಷ್ಯ ಕೆಟ್ಟವರಲ್ಲ. ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಪುಸ್ತಕ, ಅದರ ಮಧ್ಯೆಯೇ ಹುಟ್ಟಿದವರು. ಬರಹ ಅಂದರೆ ಮೆರವಣಿಗೆ ಅಂತ ನಂಬಿದವರು. ಮುಂದೆ ವಾದ್ಯ ಹೋಗಬೇಕು, ನಡುವೆ ದೇವರು ಬರಬೇಕು, ಹಿಂದೆ ಆರತಿ ಆಗಬೇಕು. ವರ್ಷದ ಕೊನೆಯ ವಿಷಯ ಅಂತ ಹಲಗೆಯ ಮೇಲೆ ಬರೆದರು: ‘ಬರಹಗಾರನಾಗಿ ನಾನು ಬೆಳೆದ ಬಗೆ.’

"ಎಂಟು ತಿಂಗಳದಾಗ ಏನ ಕಲಿತ್ರಿ, ಹ್ಯಾಂಗ ಕಲಿತ್ರಿ, ಅದನ್ನ ಬರೀರಿ. ನನ್ನ ಹೊಗಳಿದವರಿಗೆ ಎರಡು ಮಾರ್ಕು ಕಡಿಮಿ" ಅಂದಿದ್ದರು.

ನೀಲಪ್ಪ ಬೆಳೆದದ್ದೇನೋ ನಿಜ. ಜೂನ್ ತಿಂಗಳಲ್ಲಿ ಅವನು ಬರೆದ ಮೊದಲ ಪ್ರಬಂಧ ‘ನಮ್ಮ ಊರ ಸಂತೆ.’ ಸಂತೆ ಸೋಮವಾರ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹಗ್ಗ ಬರುತ್ತವೆ. ನಮ್ಮ ಕೇರಿಯವರು ಹೊತ್ತು ಇಳಿದ ಮೇಲೆ ಹೋಗುತ್ತೇವೆ, ಆಗ ಅಗ್ಗ. ಹೀಗೆ ಹನ್ನೊಂದು ಸಾಲು, ಅಷ್ಟೇ. ಅದರ ಕೆಳಗೆ ಕೆಂಪು ಮಸಿ: "ಇದು ಪ್ರಬಂಧವಲ್ಲ, ವರದಿ. ಪೀಠಿಕೆ ಎಲ್ಲಿ? ಅಲಂಕಾರ ಎಲ್ಲಿ?" ಹಿಂದಿನ ಬೆಂಚಿನವರು ನಕ್ಕರು. ಅವನು ಆ ನಗೆಯನ್ನು ನುಂಗಿದ, ಆಮೇಲೆ ಹಟ ಹಿಡಿದ. ಗ್ರಂಥಾಲಯದಲ್ಲಿ ಕೂತು ದೊಡ್ಡ ದೊಡ್ಡ ಮಾತು ಹೆಕ್ಕಿ ಒಂದು ವಹಿಯಲ್ಲಿ ಇಳಿಸಿಕೊಂಡ. ಮೊದಲು ಪೀಠಿಕೆ, ಆಮೇಲೆ ವಿಸ್ತಾರ, ಕೊನೆಗೆ ಉಪಸಂಹಾರ. ದೀಪಾವಳಿ ಬರುವುದರೊಳಗೆ ಸೂರ್ಯ ಹುಟ್ಟಿದ ಅನ್ನುವುದನ್ನು ಅವನು ಏಳು ಸಾಲಿನಲ್ಲಿ ಬರೆಯುವ ಹಾಗೆ ಆದ. ಕೆಂಪು ಮಸಿ ‘ಭೇಷ್’ ಅನ್ನತೊಡಗಿತು.

ಮಾಸ್ತರರನ್ನು ಅಳಿಸಿದ ಕೊನೆಯ ಪ್ರಬಂಧದಲ್ಲಿ ಅವನು ತಮ್ಮ ಕೇರಿಯ ಹುಚ್ಚವ್ವ ಅನ್ನುವ ಮುದುಕಿಯ ಸಾವನ್ನು ಬರೆದಿದ್ದ. ಆ ಸಾವೇ ತನ್ನೊಳಗಿನ ಬರಹಗಾರನನ್ನು ಎಚ್ಚರಿಸಿತು ಅಂತ ಬರೆದಿದ್ದ. ಮಾಸ್ತರರು ಕನ್ನಡಕ ತೆಗೆದ ಸಾಲು ಇದು: "ದೂರದ ಬನಶಂಕರಿಯಲ್ಲಿದ್ದ ತನ್ನ ಏಕೈಕ ಪುತ್ರಿ ಮರೆವ್ವಳ ನಾಮವನ್ನು ಎರಡು ಬಾರಿ ಉಸುರಿ ಆ ಮಾತೃಹೃದಯವು ಚಿರಮೌನಕ್ಕೆ ಸಂದಿತು."

ಶುದ್ಧ ಸುಳ್ಳು.

ನಡೆದದ್ದು ಬೇರೆ. ಹುನಗುಂದದಿಂದ ನಾಲ್ಕು ಮೈಲು ಆಚೆ ಕರಿಮಟ್ಟಿ. ಅಲ್ಲಿ ನೀಲಪ್ಪನ ಅಪ್ಪ ಹನಮಪ್ಪ ಊರ ವಾಲೀಕಾರ. ಚಾವಡಿಯ ಕಾಗದಪತ್ರದ ಗಂಟು ಹೊತ್ತು ತಾಲೂಕು ಕಚೇರಿಗೆ ನಡೆಯುವುದು, ಗೌಡರು ಕರೆದರೆ ಓಡುವುದು, ಯಾರಾದರೂ ಸತ್ತರೆ ಬೇರೆ ಊರಿನ ಬೀಗರಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಓದು ಬರದ ಮನುಷ್ಯ ಮೂವತ್ತು ವರ್ಷ ಕಾಗದ ಹೊತ್ತ. ವಸತಿಗೃಹದ ಹುಡುಗರು ಸೇರಿ, ಇಂಥ ಬಿಟ್ಟಿ ಚಾಕರಿ ಇನ್ನು ಮುಂದೆ ನಾವು ಮಾಡುವುದಿಲ್ಲ, ನಮ್ಮ ಅಪ್ಪಂದಿರಿಗೂ ಮಾಡಗೊಡುವುದಿಲ್ಲ ಅಂತ ಕೈಬರಹದ ಕರಪತ್ರ ಹಂಚಿದ್ದರು. ಅದನ್ನು ಬರೆದವನು ನೀಲಪ್ಪನೇ. ಅದರ ಪೀಠಿಕೆಯೇ ಒಂದು ಪುಟ ಇತ್ತು. ಓದಿದವರು ಕಡಿಮೆ.

ದೀಪಾವಳಿ ಸೂಟಿಯಲ್ಲಿ ಅವನು ಊರಿಗೆ ಹೋಗಿದ್ದ. ಪಾಡ್ಯದ ದಿನ ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಗುಡಿಸಲಿನ ಹುಚ್ಚವ್ವನಿಗೆ ಉಸಿರು ಕಟ್ಟಿತು. ಅವನೂ ಅವನ ತಾಯಿ ಚಂದವ್ವನೂ ಓಡಿ ಹೋದರು. ಮುದುಕಿ ಕಣ್ಣು ಬಿಟ್ಟು, "ಆಡು ಬಿಡ್ರಿ, ಹೊತ್ತೇರೇತಿ" ಅಂದಳು. ಅವನು ಸುಮ್ಮನೆ ನಿಂತಿದ್ದ. "ಎದಕ್ಕ ನಿಂತಿ? ಬಿಡು" ಅಂದಳು. ಅವನು ಹೋಗಿ ಆಡಿನ ಹಗ್ಗ ಬಿಚ್ಚಿ ಬರುವುದರೊಳಗೆ ಅವಳು ಇರಲಿಲ್ಲ.

ಹನಮಪ್ಪನ ಕಾಲಿಗೆ ಜಾಲಿ ಮುಳ್ಳು ಮುರಿದು ಕೀವು ತುಂಬಿತ್ತು. ನೆಲಕ್ಕೆ ಹೆಜ್ಜೆ ಇಡಲಾರ. ಮಗನನ್ನು ಕರೆದ.

"ಬನಶಂಕರಿಗೆ ನೀ ಹೋಗಬೇಕು. ಮರೆವ್ವಗ ಸುದ್ದಿ ಮುಟ್ಟಸಬೇಕು."

"ಅಪ್ಪಾ, ನಾವು ಇಂಥಾದ್ದೆಲ್ಲಾ ಬಿಟ್ಟೇವಿ ಅಂತ..."

"ಗೌಡರ ಮನಿ ಸುದ್ದಿ ಒಯ್ಯಬ್ಯಾಡ. ಯಾವನರ ಕೇಳಿದ್ರ ನಾ ಉತ್ತರ ಹೇಳ್ತೇನಿ. ಇದು ನಮ್ಮ ಹುಚ್ಚವ್ವ. ನೀ ಹುಟ್ಟಿದಾಗ ಹೊಕ್ಕಳ ಬಳ್ಳಿ ಕೊಯ್ದಾಕಿ."

ನೀಲಪ್ಪ ಅಂಗಿ ಹಾಕಿಕೊಂಡ. ಹನಮಪ್ಪ ಗೋಡೆ ಹಿಡಿದು ಬಾಗಿಲ ತನಕ ಬಂದ.

"ಕೇಳಿಲ್ಲಿ. ಹೊಸ್ತಿಲ ಹೊರಗ ನಿಲ್ಲು. ಕುಂಡ್ರಬ್ಯಾಡ. ಸುದ್ದಿ ಹೇಳೂತನಕ ನೀರ ಮುಟ್ಟಬ್ಯಾಡ, ಪ್ರಾಣ ಹೋದ್ರೂ ಮುಟ್ಟಬ್ಯಾಡ. 'ಕರಿಮಟ್ಟಿ ಹುಚ್ಚವ್ವ ತೀರಿಕೊಂಡ್ಳು, ಮಣ್ಣು ಸಂಜಿಗೆ.' ಇಷ್ಟ ಅನ್ನು. ಇದಕ್ಕಿಂತ ಮೊದಲ ಏನೂ ಅನಬ್ಯಾಡ."

"ಹಂಗ ಒಮ್ಮೆಲೆ ಎದಿ ಒಡಿಯೂವಂಗ ಹೇಳೂದಾ? ಒಂದೀಟು ಮನಸು ತಯಾರು ಮಾಡಿ..."

"ಲೇ ಶಾಣ್ಯಾ, ಸಾವಿಗೆ ಯಾರ ಮನಸೂ ತಯಾರ ಇರೂದಿಲ್ಲ. ಬದಾಮಿಯಿಂದ ಒಂದೂವರಿಗೆ ಮೋಟಾರ ಐತಿ. ಅದು ತಪ್ಪಿದ್ರ ಆಕಿ ಅವ್ವನ ಮಾರಿ ನೋಡೂದಿಲ್ಲ. ಅಷ್ಟ ನೆಪ್ಪಿಟ್ಟು ಹೋಗು."

ಆ ಕಡೆಯ ಊರುಗಳಲ್ಲಿ ಈ ನೀರಿನ ಕಟ್ಟು ಮಕ್ಕಳಿಗೂ ಗೊತ್ತು. ವಾಲೀಕಾರ ಬಾಗಿಲಿಗೆ ಬಂದು ನಿಂತರೆ ಮನೆಯವರಿಗೆ ಎದೆ ಡವಡವ. ಬಾಯಿ ಬಿಟ್ಟು ಕೇಳಲು ಅಂಜಿಕೆ. ಒಂದು ತಂಬಿಗೆ ನೀರು ತಂದು ಮುಂದಿಡುತ್ತಾರೆ. ಅವನು ಕುಡಿದರೆ ಸಾವಿನ ಸುದ್ದಿ ಅಲ್ಲ. ಮುಟ್ಟದೆ ನಿಂತರೆ ಯಾರೋ ಹೋಗಿದ್ದಾರೆ. ಮಾತು ಬರುವ ಮೊದಲೇ ಮನೆಯವರು ಗೋಡೆ ಹಿಡಿದುಕೊಳ್ಳುತ್ತಾರೆ. ನೀಲಪ್ಪನಿಗೂ ಇದು ಗೊತ್ತಿತ್ತು. ಆದರೆ ಕಾಲೇಜಿನ ತಲೆ ಅದನ್ನು ಮೂಢನಂಬಿಕೆಯ ಗಂಟಿಗೆ ಸೇರಿಸಿಬಿಟ್ಟಿತ್ತು.

ಹುನಗುಂದದ ತನಕ ನಡೆದ. ಅಮೀನಗಡ, ಗುಳೇದಗುಡ್ಡ ಹಾದು ಮೋಟಾರು ಬದಾಮಿ ಮುಟ್ಟಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ದಾರಿಯುದ್ದ ಮಾತು ಹೊಂದಿಸಿದ. ಮೊದಲು ಮನುಷ್ಯನ ಆಯುಷ್ಯದ ಬಗ್ಗೆ ಎರಡು ಮಾತು. ಆಮೇಲೆ ಹುಚ್ಚವ್ವನ ಮುಪ್ಪು, ಕೆಮ್ಮು. ಆಮೇಲೆ ಮೆಲ್ಲಗೆ ಸುದ್ದಿ. ಬನಶಂಕರಿಯ ಗುಡಿಯ ಹಿಂದಿನ ಕೇರಿಗೆ ಬಿರಬಿರ ನಡೆದು ಬಂದಾಗ ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತ್ತು.

ಮರೆವ್ವ ಬಾಗಿಲಲ್ಲಿ ಅವನನ್ನು ಕಂಡದ್ದೇ ಬೆಳ್ಳಗಾದಳು. ಒಂದು ಮಾತೂ ಆಡದೆ ಒಳಗೆ ಹೋಗಿ ತಂಬಿಗೆ ತಂದು ಚಾಚಿದಳು. ಅವನು ಇಸಿದುಕೊಂಡು ಗಟಗಟ ಕುಡಿದ.

ಮರೆವ್ವನಿಗೆ ಉಸಿರು ಬಂತು. "ಯವ್ವಾ, ಬದುಕಿದೆ. ನಿನ್ನ ಕಂಡು ನನ್ನ ಜೀವs ಹೋಗಿತ್ತು ನೋಡು. ಹೇಳಪಾ, ಏನ ಬಂದಿ?"

"ಮನುಷ್ಯಾನ ಆಯುಷ್ಯ ಅನ್ನೂದು..." ಅಂತ ಶುರು ಮಾಡಿದ ನೀಲಪ್ಪ. "ನಿಮ್ಮವ್ವಗೂ ಮುಪ್ಪಾಗಿತ್ತು. ಕೆಮ್ಮು ಭಾಳ..."

"ಜಡ್ಡಾಗ್ಯಾಳ? ಕರೀಲಿಕ್ಕೆ ಕಳಿಸ್ಯಾಳ? ತಡಿ ತಡಿ, ಈಗ ಬರ್ತೇನಿ." ವಿಸ್ತಾರ ಕೇಳಲು ಅವಳು ಅಲ್ಲಿರಲಿಲ್ಲ. ಒಲೆಯ ಮುಂದೆ ಕೂತು ಬೆಲ್ಲ ಕುಟ್ಟುತ್ತಿದ್ದಳು. "ಅವ್ವಗ ಹಲ್ಲಿಲ್ಲ, ಮೆತ್ತನ್ನ ಹೋಳಿಗಿ ಅಂದ್ರ ಆಸಿ. ನಾಕು ಮಾಡಿಕೊಂಡs ಬರ್ತೇನಿ."

ನೀಲಪ್ಪ ಅಂಗಳದಲ್ಲಿ ನಿಂತ. ಈಗ ಹೇಳಬೇಕು. ಹೇಳಿದರೆ, ಮತ್ತೆ ನೀರು ಯಾಕೆ ಕುಡಿದೆ ಅಂತ ಕೇಳುತ್ತಾಳೆ. ಬಾಯಿ ತೆರೆದ, ಮುಚ್ಚಿದ. ಹೋಳಿಗೆ ಬೆಂದವು. ಒಂದೂವರೆಯ ಮೋಟಾರು ಹೋಯಿತು. ನಾಲ್ಕೂವರೆಯದಕ್ಕೆ ಹತ್ತಿದರು. ಮೋಟಾರಿನಲ್ಲಿ ಅವಳು ಅವ್ವನ ಸುದ್ದಿಯನ್ನೇ ಮಾತಾಡಿದಳು, ಅವನು ಕಿಟಕಿಯ ಹೊರಗೆ ನೋಡಿದ. ಕರಿಮಟ್ಟಿಯ ದಾರಿಗೆ ಇಳಿದಾಗ ಹಳ್ಳದ ಕಡೆಯಿಂದ ಕೇರಿಯ ಗಂಡಸರು ಬರುತ್ತಿದ್ದರು. ಎಲ್ಲರ ತಲೆಯೂ ತೊಯ್ದಿತ್ತು. ಮಣ್ಣು ಮಾಡಿ ಬಂದವರ ತಲೆ ಮಾತ್ರ ಹಾಗೆ ತೊಯ್ದಿರುತ್ತದೆ. ಮರೆವ್ವ ನಿಂತಲ್ಲೇ ನಿಂತಳು. ಹೋಳಿಗೆಯ ಗಂಟು ಕಂಕುಳಲ್ಲಿತ್ತು. ಅಳಲಿಲ್ಲ. ತಿರುಗಿ ಅವನನ್ನು ನೋಡಿ, "ನೀರ ಕುಡದೆಲ್ಲೋ" ಅಂದಳು. ಆಮೇಲೆ ಅವನ ಜೊತೆ ಮಾತಾಡಲಿಲ್ಲ. ಊರು ಬಿಡುವ ದಿನ ಚಂದವ್ವನಿಗೆ ಹೇಳಿ ಹೋದಳು: "ಅವ್ವ ಹ್ಯಾಂಗ ಹೋದ್ಲು ಅನ್ನೂದನ್ನ ನಿನ್ನ ಮಗ ಬಂದು ಹೇಳಬೇಕು. ಅವನ ಬಾಯಿಲೆ ಕೇಳಬೇಕು ನಾ."

ಮೂರು ತಿಂಗಳು ಕಳೆದವು, ನೀಲಪ್ಪ ಹೋಗಲಿಲ್ಲ. ಬಾಯಿಲೆ ಹೇಳುವ ಬದಲು ಪ್ರಬಂಧ ಬರೆದ. ಅದರಲ್ಲಿ ನೀರಿಲ್ಲ, ಹೋಳಿಗೆಯಿಲ್ಲ, ಆಡಿಲ್ಲ. ಅದೇ ಅಚ್ಚಾಗಿ ಜಿಲ್ಲೆಯ ಸಾಲೆಗಳಿಗೆಲ್ಲ ಹೋಗುತ್ತದೆ ಅಂತ ಮಾಸ್ತರರು ಹೇಳಿದ್ದರು. ಬದಾಮಿಗೂ ಹೋಗುತ್ತದೆ, ಬನಶಂಕರಿಗೂ. ಹೆಸರು, ಊರು ಎಲ್ಲ ಇದ್ದದ್ದು ಇದ್ದಂತೆ ಹಾಕಿದ್ದ. ಮರೆವ್ವನಿಗೆ ಓದು ಬರುವುದಿಲ್ಲ. ಓದಿ ಹೇಳುವವರಿಗೆ ಏನು ಬರ? ಒಮ್ಮೆ ಅವ್ವನ ಮುಖ ತಪ್ಪಿಸಿದ್ದ. ಈಗ ಅವ್ವನ ಮಾತನ್ನೂ ತಪ್ಪಿಸಿ ಸುಳ್ಳು ಕೊಡುತ್ತಿದ್ದ, ಅದೂ ಅಚ್ಚಿನಲ್ಲಿ.

ಎಂಟು ದಿನ ಹೀಗೇ ಕಳೆದು, ಭಾನುವಾರ ಬೆಳಿಗ್ಗೆ ಪ್ರಬಂಧದ ಕಚ್ಚಾ ಹಾಳೆ ಕಿಸೆಗೆ ತುರುಕಿಕೊಂಡು ರೈಲು ಹತ್ತಿದ. ಬದಾಮಿ ಸ್ಟೇಶನ್ನಿನಲ್ಲಿ ಇಳಿದು ಟಾಂಗಾಕ್ಕೆ ಕಾಯದೆ ನಡೆದ. ಮರೆವ್ವ ಅಂಗಳದಲ್ಲಿ ಕೂತು ಈಚಲ ಗರಿ ಸೀಳಿ ಕಸಬರಿಗೆ ಕಟ್ಟುತ್ತಿದ್ದಳು. ತಲೆ ಎತ್ತಿದಳು. ಕೈ ನಿಲ್ಲಲಿಲ್ಲ.

"ಈ ಸಲ ಯಾರ ಸತ್ರು?"

"ಯಾರೂ ಇಲ್ಲ."

"ಹಂಗಾರ ಕುಂಡ್ರು."

"ಕುಂಡ್ರೂದಿಲ್ಲ. ನಿಂತ ಹೇಳ್ತೇನಿ. ಬರಕೊಂಡು ಬಂದೇನಿ."

"ಓದು ನೋಡೋಣು. ಕಾಲೇಜ ಕಲ್ತಾಂವ ಹ್ಯಾಂಗ ಓದ್ತಿ ಕೇಳೋಣು."

ಅವನು ಹಾಳೆ ಬಿಡಿಸಿದ. ಪ್ರಭಾತಕಾಲದ ವರ್ಣನೆ ಓದಿದ. ಗರಿ ಸೀಳುವ ಸದ್ದು ಒಂದೇ ಸಮ ನಡೆದಿತ್ತು. ಮಾತೃಹೃದಯದ ಹತ್ತಿರ ಬಂದ.

"ತಡಿ. ಅದು ಯಾರ ಅವ್ವ?"

"ನಿಮ್ಮವ್ವನs."

"ನಮ್ಮವ್ವಗ ಅದೆಲ್ಲಾ ಎಲ್ಲಿತ್ತೋ? ಎದಿಯಾಗ ಕಫ ಇತ್ತು, ಬಾಯಾಗ ಬೈಗುಳ ಇತ್ತು. ಮುಂದ ಓದು."

ನೀಲಪ್ಪ ಓದಲಿಲ್ಲ. ಹಾಳೆ ಮಡಿಸಿದ.

ಮರೆವ್ವನೇ ಕೇಳಿದಳು. "ನನ್ನ ಹೆಸರ ತಗದಳೇನು? ನಿಮ್ಮವ್ವ ತಗದ್ಲು ಅಂತಾಳ. ಮಣ್ಣಿಗೆ ಹೋದವರೆಲ್ಲಾ ತಗದ್ಲು ಅಂತಾರ. ಊರs ತಗದ್ಲು ಅಂತೈತಿ. ಅಲ್ಲಿ ಇದ್ದವರು ನೀವಿಬ್ರ. ನಿಮ್ಮವ್ವ ನನ್ನ ಮ್ಯಾಲಿನ ಮಾಯಾಕ್ಕ ಹೇಳ್ತಾಳ, ಗೊತ್ತೈತಿ. ನೀ ಹೇಳು."

ಹೂಂ ಅಂದುಬಿಟ್ಟರೆ ಮುಗಿಯಿತು. ಅವಳು ಅಳುತ್ತಾಳೆ, ಸಮಾಧಾನ ಆಗುತ್ತದೆ, ಇವನು ಮಧ್ಯಾಹ್ನದ ಗಾಡಿಗೆ ವಾಪಸು. ಹಾಳೆಯಲ್ಲಿ ಅದನ್ನೇ ಬರೆದಿತ್ತು, ಮಾಸ್ತರರು ಅದಕ್ಕೇ ಅತ್ತಿದ್ದರು. ನೀಲಪ್ಪ ಅಂಗಳದ ಒಂದು ಕಲ್ಲನ್ನು ಕಾಲಿನಿಂದ ಆಚೆ ತಳ್ಳಿದ, ಮತ್ತೆ ಈಚೆ ಎಳೆದ.

"ಇಲ್ಲ" ಅಂದ. "ನಿನ್ನ ಹೆಸರ ತಗೀಲಿಲ್ಲ. 'ಆಡು ಬಿಡ್ರಿ, ಹೊತ್ತೇರೇತಿ' ಅಂದ್ಲು. ನಾ ನಿಂತs ಇದ್ದೆ. 'ಎದಕ್ಕ ನಿಂತಿ, ಬಿಡು' ಅಂದ್ಲು. ನಾ ಆಡು ಬಿಟ್ಟು ಬರೂದರಾಗ ಹೋಗಿದ್ಲು. ಬಾಯಿ ತೆರದಿತ್ತು. ನಮ್ಮವ್ವ ಮುಚ್ಚಿದ್ಲು."

ಈಚಲ ಗರಿಯ ಸದ್ದು ನಿಂತಿತು.

ಮೊದಲು ಮರೆವ್ವ ನಕ್ಕಳು. ಹೊಟ್ಟೆಯೊಳಗಿಂದ ಬಂದ ನಗೆ. "ಆಡು ಬಿಡ್ರಿ ಅಂದ್ಲಾ? ಅಂದಿರ್ತಾಳ, ಹಾಟ್ಯಾಗೋಳು. ನನಗ ಮೈಲಿ ಬೇನಿ ಬಂದು ಸಾಯೂವಂಗ ಬಿದ್ದಿದ್ದೆ, ಆಗೂ ಮೊದಲ ಆಡಿಗೆ ಸೊಪ್ಪ ಹಾಕಿ ಬಂದು ಆಮ್ಯಾಲ ನನ್ನ ಹಣಿ ಮುಟ್ಟಿದ್ಲು. ಮರೆವ್ವಾ ಮರೆವ್ವಾ ಅಂತ ಕರದ್ಲು ಅಂತ ಹೇಳಿದ್ರಲ್ಲೋ, ಆ ಮುದುಕಿ ಯಾರು ಅಂತ ನನಗ ತಿಳೀಲs ಇಲ್ಲ. ಮೂರು ತಿಂಗಳಾತು, ಗುರುತs ಸಿಗವಲ್ದು. ಈಗ ಸಿಕ್ಕಳು ನೋಡು." ಹಾಗೆ ನಗುತ್ತಾ ನಗುತ್ತಾ ಅವಳ ಮುಖ ಕಿವುಚಿಕೊಂಡಿತು. ಸೆರಗು ಬಾಯಿಗೆ ಒತ್ತಿ ಅತ್ತಳು. ಸಮಾಧಾನದ ಮಾತು ನಾಲ್ಕಾರು ನೀಲಪ್ಪನ ಬಾಯಿಗೆ ಬಂದವು. ಒಂದನ್ನೂ ಹೊರಗೆ ಬಿಡಲಿಲ್ಲ.

ಅವಳು ಮೂಗು ಒರೆಸಿಕೊಂಡ ಮೇಲೆ ಅಂದ: "ಅವತ್ತ ನಾ ಅಂಜಿದೆ. ಮೋಟಾರಿನಾಗೂ ಅಂಜಿದೆ."

"ಗೊತ್ತೈತಿ. ಮಾಫಿ ಗೀಫಿ ಕೇಳಬ್ಯಾಡ. ಕೊಡಾಕ ನನ್ನ ಕಡೆ ಇಲ್ಲ."

"ಕೇಳೂದಿಲ್ಲ. ಇನ್ನೊಂದು ಐತಿ. ಈ ಹಾಳಿ ಅಚ್ಚಾಗಾಕ ಹೋಗೇತಿ."

"ಅಂದ್ರ?"

"ಸಾಲಿ ಸಾಲಿಗೆ ಹೋಗತೈತಿ. ನಿನ್ನ ಹೆಸರೂ ಐತಿ, ನಿಮ್ಮವ್ವನ ಹೆಸರೂ ಐತಿ. ಸಾಯೂ ಮುಂದ ಎರಡು ಸಲ ನಿನ್ನ ಹೆಸರ ತಗದ್ಲು ಅಂತ ಬರದೇನಿ."

ಮರೆವ್ವ ಒಂದು ಗರಿ ಎತ್ತಿಕೊಂಡಳು, ಸೀಳಲಿಲ್ಲ. "ಆ ಸುಳ್ಳು? ಹೆಸರ ತಗದ್ಲು ಅನ್ನೂದು? ನಾ ಸತ್ತ ಮ್ಯಾಲೂ ಇರತೈತಿ?"

"ಇರತೈತಿ."

"ತಗಸು" ಅಂದಳು. "ನಮ್ಮವ್ವನ್ನ ಹಂಗ ಬಿಟ್ಟು ಬರಬ್ಯಾಡ. ಹೋಗು, ತಗಸು."

ಸೋಮವಾರ ಹತ್ತು ಗಂಟೆಗೆ ನೀಲಪ್ಪ ಕಾಲೇಜಿನ ಶಿಕ್ಷಕರ ಕೋಣೆಯ ಬಾಗಿಲಲ್ಲಿದ್ದ. ಪಂಢರೀನಾಥರು ಅಡಿಕೆ ಕತ್ತರಿಸುತ್ತಿದ್ದರು. ಅವನು ಹೊಸ್ತಿಲಲ್ಲೇ ನಿಂತು ಹೇಳಿದ: "ಸರ್, ಆ ಪ್ರಬಂಧದಾಗ ಸುಳ್ಳು ಐತ್ರಿ. ಹುಚ್ಚವ್ವ ಮಗಳ ಹೆಸರ ತಗೀಲಿಲ್ಲ. ಆಡು ಬಿಡ್ರಿ ಅಂದು ಸತ್ಲು. ಆ ಸಾಲು ತಗಸಬೇಕ್ರಿ."

ಮಾಸ್ತರರ ಅಡಕತ್ತರಿ ಹಾಗೇ ತೆರೆದುಕೊಂಡು ನಿಂತಿತು. "ಏನಂದಿ? ಆಡು?"

"ಹೌದ್ರಿ."

"ಏನೋ ನೀಲಪ್ಪಾ, ಆಡು ಬಿಡ್ರಿ ಅಂತ ಬರದ್ರ ಓದಿದವರು ನಗ್ತಾರೋ. ಅಲ್ಲಿ ಕರುಣರಸ ಅದ. ಅಲ್ಲಿ ಹೋಗಿ ಆಡು ತಂದು ಕಟ್ತೀಯಾ?"

"ಆಕಿ ಮಗಳೂ ನಕ್ಕಳ್ರಿ. ಆಮ್ಯಾಲ ಅತ್ಲು."

"ನೋಡು, ಸತ್ಯ ಬ್ಯಾರೆ, ಸಾಹಿತ್ಯ ಬ್ಯಾರೆ. ಹೆಸರು ಬದಲ ಮಾಡು ಬೇಕಾದ್ರ. ಮರೆವ್ವ ಬ್ಯಾಡ, ಮತ್ತೊಂದು ಹಾಕು. ಕಥಿ ಅಂತ ಅನ್ನು. ಆ ಸಾಲು ಮಾತ್ರ ಮುಟ್ಟಬ್ಯಾಡ."

ಮಾಸ್ತರರ ಮಾತು ಪೂರ್ತಿ ತಪ್ಪೂ ಅಲ್ಲ. ನೀಲಪ್ಪ ಕಾಲು ಬದಲಿಸಿ ಬದಲಿಸಿ ನಿಂತ. ಕೊನೆಗೆ, "ಹೆಸರು ಬದಲ ಮಾಡಿದ್ರ ಯಾರ ಸತ್ತಂಗ ಆತ್ರಿ?" ಅಂದ. "ನೀವು ಅತ್ತದ್ದು ಯಾರಿಗೆ? ಹುಚ್ಚವ್ವಗ ಅಲ್ರಿ. ಆಕಿ ನಿಮಗ ಗೊತ್ತs ಇಲ್ಲ. ನಾನs ನಿಮಗ ಬ್ಯಾರೆ ಮುದುಕೀನ ತೋರಿಸೇನಿ."

ಪಂಢರೀನಾಥರ ಕಿವಿ ಕೆಂಪಾದವು. ತಾವು ಅತ್ತದ್ದನ್ನು ವಿದ್ಯಾರ್ಥಿಯೊಬ್ಬ ಹೀಗೆ ಎತ್ತಿ ತೋರಿಸಿದರೆ ಯಾರಿಗೆ ಹಿತ? ಬಹಳ ಹೊತ್ತು ಅಡಿಕೆ ಕತ್ತರಿಸಿದರು, ಬೇಕಾದದ್ದಕ್ಕಿಂತ ಸಣ್ಣಗೆ. ಆಮೇಲೆ ಕಾಗದದ ಒಂದು ಚೂರು ಹರಿದು ಕೆಂಪು ಪೆನ್ನಿನಲ್ಲೇ ಬರೆದರು: "ಈ ವಿದ್ಯಾರ್ಥಿ ಹೇಳಿದಂತೆ ಮಾಡಿರಿ. ಜವಾಬ್ದಾರಿ ಅವನದು."

"ಬಹುಮಾನಕ್ಕ ನಿನ್ನ ಹೆಸರು ಬರದಿದ್ದೆ. ಅದನ್ನ ಹೊಡದು ಹಾಕ್ತೀನಿ."

"ಹಾಕ್ರಿ."

"ಬಾಗಲಾಗ ನಿಂತs ಮಾತಾಡ್ತಿಯಲ್ಲೋ, ಒಳಗ ಬಂದು ಕುಂಡ್ರಲಿಕ್ಕೆ ಏನಾಗ್ಯದ ನಿನಗ? ಹೋಗು, ಹೋಗು. ಛಾಪಖಾನಿಯವ ಇವತ್ತs ಅಚ್ಚಿಗೆ ಹಚ್ಚಾಂವ ಇದ್ದಾನ."

ಛಾಪಖಾನೆ ಪೇಟೆಯ ಒಂದು ಸಂದಿಯಲ್ಲಿ. ಅಲ್ಲಿ ಅಕ್ಷರ ಜೋಡಿಸುವವನು ಇಳಕಲ್ಲಿನ ಸುಭಾನಸಾಬ. ನೇಯ್ಗೆಯ ಮನೆತನ ಬಿಟ್ಟು ಸೀಸದ ಅಕ್ಷರದ ಹಿಂದೆ ಬಿದ್ದು ಹತ್ತೊಂಬತ್ತು ವರ್ಷ. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯಲ್ಲಿ ಬೀಡಿ. ಚೀಟಿ ಓದಿ ನೀಲಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಆ ಸಾವಿನ ಪ್ರಬಂಧ ಬರದ ಧಣಿ ನೀನs ಏನು? ಬಾರಪಾ. ನಿನ್ನ ಸಲುವಾಗಿ ಮೂರು ದಿನ ಕಣ್ಣು ಕಳಕೊಂಡೇನಿ. ಒತ್ತಕ್ಷರದ ಖಾನಿ ಎಲ್ಲಾ ಖಾಲಿ ಮಾಡಿದಿ. ಷ್ಟ, ಕ್ಷ್ಮ, ತ್ಸ್ನ, ಒಂದೂ ಉಳದಿಲ್ಲ. ಕಡೀಕ ಮದುವಿ ಕಾಗದಕ್ಕ ಜೋಡಿಸಿಟ್ಟಿದ್ದ ಲಕ್ಷ್ಮೀನ ಒಡದು ನಿನ್ನ ಮುದುಕಿಗೆ ಹಾಕೇನಿ. ಒಂದು ಮುದುಕಿ ಸಾಯಾಕ ಇಷ್ಟು ಅಕ್ಷರ ಬೇಕಾಗತಾವೇನೋ?"

ನೀಲಪ್ಪ ನಗಲಿಲ್ಲ. "ಒಂದು ಕಡೆ ತಗೀಬೇಕ್ರಿ" ಅಂದ.

ಸುಭಾನಸಾಬ ಕಟ್ಟಿಟ್ಟ ಪುಟವನ್ನು ಎಳೆದು ದಾರ ಬಿಚ್ಚಿದ. ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಕ್ಷರ. ಅವನ ಬೆರಳು ಆ ಸಾಲನ್ನು ಹುಡುಕಿ ನಿಂತಿತು. ಚಿಮಟಿ ಹಿಡಿದು, ಆ ಒಂದು ಮಾತೇ ನುಂಗಿದ್ದ ಐದು ಸಾಲು ಕಿತ್ತ. ಸೀಸದ ಅಕ್ಷರ ಮರದ ತಟ್ಟೆಯಲ್ಲಿ ಟಳಟಳ ಬಿದ್ದವು.

"ಹಾಂ. ಏನ ಹಾಕಲಿ?"

"'ಆಡು ಬಿಡ್ರಿ, ಹೊತ್ತೇರೇತಿ' ಅಂದಳು. ನಾನು ಆಡು ಬಿಟ್ಟು ಬರುವಷ್ಟರಲ್ಲಿ ಸತ್ತಿದ್ದಳು."

ಸುಭಾನಸಾಬ ಖಾನೆಗಳ ಮೇಲೆ ಕೈ ಆಡಿಸಿ ಚಕಚಕ ಜೋಡಿಸಿದ. ಒಂದೂವರೆ ಸಾಲಿಗೆ ಮುಗಿಯಿತು. ತಲೆ ಎತ್ತಿ ಒಂದು ಸಲ ನೋಡಿದ. ಆಮೇಲೆ ಅಂದ: "ಐದು ಸಾಲು ತಗಿಸಿದಿ, ಒಂದೂವರಿ ಕೊಟ್ಟಿ. ಈ ಖಾಲಿ ಜಾಗಾದಾಗ ಏನ ತುಂಬಲಿ? ಹೂವಿನ ಬಳ್ಳಿದೊಂದು ಬ್ಲಾಕ ಐತಿ, ಭಾಳ ಛಂದ."

"ಬ್ಯಾಡ್ರಿ."

"ಖಾಲಿ ಬಿಟ್ರ ಸುಭಾನಸಾಬಗ ಕಣ್ಣು ಹೋಗ್ಯಾವ ಅಂತಾರೋ ಮಂದಿ."

"ಅನ್ಲಿ ಬಿಡ್ರಿ."

ಪುಟಕ್ಕೆ ಮಸಿ ಹಚ್ಚಿ ಒಂದು ಕಚ್ಚಾ ಪ್ರತಿ ಒತ್ತಿ ಅವನ ಕೈಗೆ ಕೊಟ್ಟ. ಹಸಿ ಕಾಗದ. ನೀಲಪ್ಪ ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಆಡಿನ ಮಾತು ಪುಟದ ನಡುವೆ ಬರಿಗಾಲಿನಲ್ಲಿ ನಿಂತಿತ್ತು. ಅದರ ಆಚೀಚೆ ಇದ್ದವರೆಲ್ಲ ಜರಿ ರುಮಾಲು ಸುತ್ತಿಕೊಂಡವರು. ಮೇಲಿನ ಸಾಲಿನಲ್ಲಿ ‘ಶೋಕಸಾಗರ’ ಇತ್ತು. ಅವನಿಗೆ ಮೈ ಉರಿಯಿತು.

"ಇದೊಂದು ತಗೀರಿ."

ಸುಭಾನಸಾಬ ತೆಗೆದ.

"ಇದೂ."

ತೆಗೆದ.

"ಈ ಪ್ರಭಾತಕಾಲ... ಇದು ಎಲ್ಲಾ ತಗೀರಿ. 'ಹೊತ್ತು ಹುಟ್ಟಿತ್ತು' ಅಂತ ಹಾಕ್ರಿ. ಅಲ್ಲಾ ತಡೀರಿ, ಅದೂ ಬ್ಯಾಡ. ಆಕಿನs ಹೇಳ್ಯಾಳಲ್ಲಾ ಹೊತ್ತೇರೇತಿ ಅಂತ." ಅವನು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಓಡಾಡುತ್ತಿದ್ದ. "ನಾ ವಾರ್ತೆ ಹೊತ್ತು ಧಾವಿಸಿದೆ ಅಂತ ಐತಲ್ಲಾ, ಅದು ಎಲ್ಲೈತ್ರಿ? ಅದೂ ಸುಳ್ಳು. ಅಲ್ಲಿ ಬ್ಯಾರೆ ಹಾಕಬೇಕು. ನಾ ಏನ ಮಾಡಿದೆ ಅನ್ನೂದು ಹಾಕಬೇಕು."

"ಏ ತಮ್ಮಾ!" ಸುಭಾನಸಾಬ ಮೇಜಿನ ಮೇಲೆ ಕೈ ಅಪ್ಪಳಿಸಿದ. "ಪುಟ ತಿದ್ದತಿಯೋ, ಮನಿ ಕೆಡವತಿಯೋ? ಎರಡಕ್ಕ ಮಶೀನು ಹತ್ತಬೇಕು. ಈಗ ಹನ್ನೆರಡೂವರಿ."

"ಎರಡರೊಳಗ ಮುಗಿಸ್ತೇನ್ರಿ."

"ನೀ ಮುಗಿಸೂದು ಏನು, ಬೆರಳು ಮುರಿಯೂದು ನಂದು." ಕಿವಿಯ ಬೀಡಿ ಬಾಯಿಗೆ ಬಂತು. ಒಂದು ಕ್ಷಣ ಹುಡುಗನ ಮುಖ ನೋಡಿದ, ಚಿಮಟಿಯನ್ನು ಅವನತ್ತ ತಳ್ಳಿದ. "ತಗೋ. ತಗಿಯೂದು ನೀನs ತಗಿ. ಬಲಗಡೆಯಿಂದ ಓದಬೇಕು ನೋಡು, ಉಲ್ಟಾ. ಕಿತ್ತದ್ದನ್ನ ತಟ್ಟಿಗೆ ಹಾಕು, ನೆಲಕ್ಕ ಚೆಲ್ಲಿದ್ರ ಒದಿತೇನಿ. ನಾ ಚಾ ಕುಡದು ಬರ್ತೇನಿ, ಅಷ್ಟರಾಗ ಹೊಸದು ಏನ ಹಾಕಬೇಕು ಬರದಿಡು. ಸಣ್ಣ ಮಾತು ಬರಿಯಪಾ."

ನೀಲಪ್ಪ ಬೆಂಚು ಎಳೆದುಕೊಳ್ಳದೆ ನಿಂತೇ ಬಾಗಿದ. ಉಲ್ಟಾ ಅಕ್ಷರ ಓದುವುದು ಸುಲಭವಲ್ಲ. ತಾನೇ ಬರೆದ ಒಂದೊಂದು ಪದವನ್ನೂ ಹಿಂದಿನಿಂದ ಮುಂದಕ್ಕೆ, ಬೆರಳಿಟ್ಟು, ಮೊದಲ ಸಲ ನೋಡಿದಂತೆ ಓದಬೇಕಾಯಿತು. ಒಂದು ಪದ ಕಿತ್ತ. ಇನ್ನೊಂದು ಕಿತ್ತ. ಮೂರನೆಯದನ್ನು ಕೀಳಲು ಹೋಗಿ ತಡೆದ. ಅದು ಖರೆ ಇತ್ತು, ಅದನ್ನು ಹಾಗೇ ಬಿಟ್ಟು ಮುಂದಕ್ಕೆ ಸರಿದ.